ಚಂದ್ರನಿಗೆ ಫ್ಲಾಶ್

ಹುಳಿ ಮಜ್ಜಿಗೆಯಲ್ಲಿ ತುಕ್ಕು ಹಿಡಿದ ಮೊಳೆ ನೆನೆಹಾಕಿದರೆ ಎಂಥ ವಾಸನೆ ಬರಬಹುದೋ ಅಂಥದ್ದು ಫೋಟೋ ತೊಳೆಯುವ ಹೈಪೋದ ವಾಸನೆ. ಪರಶುರಾಮನ ಬಾಲ್ಯಕ್ಕೆಲ್ಲ ಆ ವಾಸನೆ ಅಂಟಿಕೊಂಡಿತ್ತು. ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಅವನಪ್ಪನ ರೇಣುಕಾ ಸ್ಟುಡಿಯೋ. ಅದರ ಹಿಂದೊಂದು ಕತ್ತಲೆ ಕೋಣೆ, ಕೋಣೆಯೊಳಗೆ ಕೆಂಪು ದೀಪ, ಮೂರು ತಟ್ಟೆ. ಮೊದಲ ತಟ್ಟೆಯಲ್ಲಿ ಬಿಳಿ ಕಾಗದದೊಳಗಿಂದ ಯಾವುದೋ ಮದುಮಗಳ ಮುಖ ಮೆಲ್ಲಗೆ ಎದ್ದು ಬರುತ್ತಿತ್ತು. ಕೊನೆಯ ತಟ್ಟೆಯ ಹೈಪೋದಲ್ಲಿ ಅದ್ದಿದ ಮೇಲೆ ಆ ಮುಖ ಅಲ್ಲೇ ನಿಂತುಬಿಡುತ್ತಿತ್ತು. ಸ್ಟೂಲಿನ ಮೇಲೆ ಕೂತ ಹುಡುಗ ಮೂಗು ಮುಚ್ಚಿಕೊಂಡು ನೋಡುತ್ತಿದ್ದ. ಮುಂಗಟ್ಟಿನಲ್ಲಿ ಯಾರಾದರೂ ಹಳ್ಳಿಯವರು ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತರೆಂದು ಹುಡುಗ ನಕ್ಕರೆ ಅಪ್ಪ ಒದ್ದೆ ಕೈಯಲ್ಲೇ ತಲೆಗೆ ಮೊಟಕಿ ಹೇಳುತ್ತಿದ್ದರು: "ಗಿರಾಕಿಗೆ ಗೊತ್ತಿಲ್ಲ ಅಂತ ನಗಬೇಡ್ವೋ. ಅವರಿಗೆ ಗೊತ್ತಿಲ್ಲದೇ ಇರೋದಕ್ಕೇ ನಮ್ಮನೆ ಒಲೆ ಉರಿಯೋದು."

ಐವತ್ತೆಂಟರ ಪರಶುರಾಮನಿಗೆ ವಾಸನೆ ನೆನಪಿತ್ತು, ಮಾತು ಮರೆತಿತ್ತು. ಕತ್ತಲೆ ಕೋಣೆಯಲ್ಲಿ ಈಗ ಜೆರಾಕ್ಸ್ ಯಂತ್ರ ಕೂತಿತ್ತು. ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್, ವರ್ಷಕ್ಕೆ ನಾಲ್ಕು ಮದುವೆ. ಉಳಿದ ಹೊತ್ತೆಲ್ಲ ಅವನು ಜನರನ್ನು ಹೀನಾಯವಾಗಿ ಕಾಣುವುದರಲ್ಲೇ ಕಳೆಯುತ್ತಿದ್ದ. ಕೋಲಿಗೆ ಫೋನು ಸಿಕ್ಕಿಸಿಕೊಂಡು ಮೂತಿ ಉಬ್ಬಿಸುವ ಹುಡುಗಿಯರು ಅವನ ಲೆಕ್ಕದಲ್ಲಿ ಕೋತಿಗಳು. ಮದುವೆಗೆ ಮೊದಲೇ ಡ್ಯಾಮಿನ ಮುಂದೆ ತಬ್ಬಿಕೊಂಡು ಫೋಟೋ ತೆಗೆಸುವವರು ಮಾನ ಬಿಟ್ಟವರು, ಅದನ್ನು ತೆಗೆಯುವವರು ಬಿಡಲೂ ಮಾನವಿಲ್ಲದವರು. ಪಕ್ಕದ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುವ ಗುರುವೂ ಅವನ ದೃಷ್ಟಿಯಲ್ಲಿ ಅಯೋಗ್ಯನೇ. ಆದರೆ ತನ್ನ ಹಾಸ್ಯಕ್ಕೆ ನಗಲು ಒಬ್ಬರಾದರೂ ಬೇಕಲ್ಲ ಎಂದು ಅವನನ್ನು ಇಟ್ಟುಕೊಂಡಿದ್ದ.

ಫೆಬ್ರವರಿಯ ಕೊನೆಯ ಶನಿವಾರ ಮಧ್ಯಾಹ್ನ ಸ್ಟುಡಿಯೋಗೆ ವಿಮಲಮ್ಮ ಬಂದರು. ಎಪ್ಪತ್ತರ ಹೆಂಗಸು, ತೆಳ್ಳನೆಯ ಮೈ, ನೀಟಾಗಿ ಪಿನ್ ಹಾಕಿದ ಕಾಟನ್ ಸೀರೆ. ಭದ್ರಾವತಿಯ ನ್ಯೂ ಟೌನಿನವರು, ನಿವೃತ್ತ ಪ್ರೈಮರಿ ಶಾಲೆ ಟೀಚರು. ನಾಲ್ಕು ಪಾಸ್‌ಪೋರ್ಟ್ ಫೋಟೋ, ಒಂದು ಕಾಗದದ ಎರಡು ಜೆರಾಕ್ಸ್ ಬೇಕಿತ್ತು.

"ಇಲ್ಲಿ ನೋಡಿ ಅಮ್ಮಾ. ಇಲ್ಲಿ. ನನ್ನ ಕೈ ಅಲ್ಲ, ಲೆನ್ಸು! ಕಣ್ಣು ಎಲ್ಲಿಟ್ಟಿದೀರಿ?"

"ನೋಡ್ತಾ ಇದೀನಲ್ಲಪ್ಪ," ಎಂದರು ವಿಮಲಮ್ಮ. ಪರಶುರಾಮ ಹಲ್ಲು ಕಚ್ಚಿ ಕ್ಲಿಕ್ ಮಾಡಿದ. ಫೋಟೋದಲ್ಲಿ ಎಡಗಣ್ಣು ಗೋಡೆ ಕಡೆ ನೋಡುತ್ತಿತ್ತು. ನೆಟ್ಟಗೆ ಕೂರಲೂ ಬಾರದ ಜನ ಎಂದುಕೊಂಡು ಕಂಪ್ಯೂಟರಿನಲ್ಲಿ ಬಲಗಣ್ಣನ್ನೇ ಕತ್ತರಿಸಿ, ತಿರುಗಿಸಿ, ಎಡಗಣ್ಣಿನ ಜಾಗದಲ್ಲಿ ಕೂರಿಸಿದ. ಎರಡೇ ನಿಮಿಷದ ಕೆಲಸ. ತನ್ನ ಕೈಚಳಕ ತನಗೇ ಚೆಂದ ಕಂಡಿತು.

ಫೋಟೋ ಕವರ್ ಚೀಲದೊಳಗೆ ಇಟ್ಟುಕೊಂಡ ವಿಮಲಮ್ಮ ಟವೆಲಿನಲ್ಲಿ ಸುತ್ತಿದ್ದ ಪುಟ್ಟ ಡಿಜಿಟಲ್ ಕ್ಯಾಮೆರಾ ಹೊರತೆಗೆದರು. "ರಿಟೈರಾದಾಗ ಶಾಲೆಯವರು ಕೊಟ್ಟಿದ್ದು. ಮೊಮ್ಮಗಳ ನಾಮಕರಣಕ್ಕೆ ಒಂದ್ಸಲ ತೆಗೆದಿದ್ದೆ, ಎಲ್ಲರ ತಲೆ ಹಾರಿಹೋಗಿತ್ತು. ಮಂಗಳವಾರ ಚಂದ್ರಗ್ರಹಣ ಇದೆಯಲ್ಲ, ಅದನ್ನ ಇದ್ರಲ್ಲಿ ತೆಗೀಬೇಕು ಅಂತ."

ಪರಶುರಾಮ ಕ್ಯಾಮೆರಾವನ್ನು ಎರಡು ಬೆರಳಲ್ಲಿ ಸತ್ತ ಜಿರಲೆಯಂತೆ ಎತ್ತಿ ನೋಡಿದ. "ಅಮ್ಮಾ, ಗ್ರಹಣ ತೆಗೆಯೋಕೆ ಲಕ್ಷ ರೂಪಾಯಿ ಲೆನ್ಸ್ ಬೇಕು. ಇದನ್ನ ಮೊಮ್ಮಗಳಿಗೆ ಆಡೋಕೆ ಕೊಡಿ."

"ಹಾಗಂದ್ರೂ, ಇರೋದು ಇದೇ ತಾನೇ. ಹೇಗೆ ಅಂತ ಹೇಳಿ, ಬರ್ಕೊಳ್ತೀನಿ." ಅವರು ಪುಟ್ಟ ನೋಟ್‌ಬುಕ್ ಬಿಡಿಸಿ ಪೆನ್ನಿನ ಮುಚ್ಚಳ ತೆಗೆದು ಕಾದರು.

ಆ ನೋಟ್‌ಬುಕ್ಕೇ ಅವನನ್ನು ಕೆಣಕಿದ್ದು. ಬಾಗಿಲಿಗೆ ಒರಗಿ ನಿಂತಿದ್ದ ಗುರುವಿಗೆ ಕಣ್ಣು ಮಿಟುಕಿಸಿ, ಗಂಟಲು ಸರಿಮಾಡಿಕೊಂಡ. "ಬರ್ಕೊಳ್ಳಿ ಮತ್ತೆ. ಗ್ರಹಣದಲ್ಲಿ ಚಂದ್ರ ಕತ್ತಲಾಗ್ತಾನೆ. ಕತ್ತಲಲ್ಲಿ ಫೋಟೋಕ್ಕೆ ಏನು ಬೇಕು? ಫ್ಲಾಶ್."

"ಫ್ಲಾಶ್," ಎಂದು ವಿಮಲಮ್ಮ ಬರೆದುಕೊಂಡರು.

"ಒಂದ್ಸಲಕ್ಕೆ ಸಾಲಲ್ಲ. ಚಂದ್ರ ಏನು ಹೊಳೆಹೊನ್ನೂರಲ್ಲಿದಾನಾ? ದೂರ ಇದಾನೆ. ಬೆಳಕು ಹೋಗಿ ಮುಟ್ಟಬೇಕು. ಇವತ್ತಿಂದಲೇ ಹತ್ತಿಪ್ಪತ್ತು ಸಲ ಹೊಡೆದು ಅಭ್ಯಾಸ ಮಾಡ್ಕೊಳ್ಳಿ."

"ಮತ್ತೆ ಚಂದ್ರನಿಗೆ ಸ್ಮೈಲ್ ಪ್ಲೀಸ್ ಅನ್ನೋದು ಮರೀಬೇಡಿ ಅಮ್ಮ," ಎಂದು ಗುರು ಕಿಸಕ್ಕನೆ ನಕ್ಕ.

ನಗು ಬಂದ ಕಡೆ ವಿಮಲಮ್ಮ ಮುಖ ತಿರುಗಿಸಿದರು. ತಿರುಗಿದ್ದು ತುಸು ಅತ್ತಕಡೆ, ಗುರುವಿನ ಪಕ್ಕದ ಕ್ಯಾಲೆಂಡರಿನತ್ತ. ತಾವೂ ನಕ್ಕರು. ನೋಟ್‌ಬುಕ್ ಮುಚ್ಚಿ, ಕೂತಿದ್ದ ಕುರ್ಚಿಯನ್ನು ತಡವಿ ಹಿಡಿದು ಮೇಜಿನಡಿ ಮೊದಲಿದ್ದ ಹಾಗೇ ತಳ್ಳಿ, "ನಿಮ್ಮ ಹೊತ್ತು ಹಾಳು ಮಾಡಿದೆ" ಎಂದು ಹೇಳಿ ಇಳಿದು ಹೋದರು.

ಸಂಜೆಯೊಳಗೆ "ಚಂದ್ರನಿಗೆ ಫ್ಲಾಶ್ ಹೊಡೆಯೋ ಅಜ್ಜಿ" ಕೋಟೆ ರಸ್ತೆಯ ಹೂವಿನಂಗಡಿ, ಕಾಫಿ ಪುಡಿ ಅಂಗಡಿಯವರೆಗೂ ಹೋಗಿದ್ದಳು. ಪರಶುರಾಮನಿಗೆ ಬಹಳ ದಿನಗಳ ಮೇಲೆ ಊಟ ರುಚಿಸಿತು.

ಮಂಗಳವಾರ ಮಾತ್ರ ಊಟವೇ ಇರಲಿಲ್ಲ. ಬೆಳಗ್ಗೆ ಎರಡು ಇಡ್ಲಿ ಕೊಟ್ಟ ಹೆಂಡತಿ ಒಲೆ ಆರಿಸಿ, ಉಪ್ಪಿನಕಾಯಿ ಜಾಡಿ, ಹಾಲಿನ ಪಾತ್ರೆಗೆಲ್ಲ ದರ್ಭೆ ಹಾಕಿ ಕೂತಿದ್ದಳು. ಟಿವಿಯಲ್ಲಿ ಯಾರೋ ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸಿ, ಮೂರೂ ಇಪ್ಪತ್ತಕ್ಕೆ ಗ್ರಹಣ ಹಿಡಿಯುತ್ತದೆ ಎಂದು ಕೂಗುತ್ತಿದ್ದ.

"ಮಧ್ಯಾಹ್ನ ಮೂರಕ್ಕೆ ಚಂದ್ರಗ್ರಹಣವಂತೆ! ಇವನಿಗೆ ಹಗಲಲ್ಲೇ ಚಂದ್ರ ಕಾಣ್ತಾನೆ, ಪುಣ್ಯವಂತ. ಚಂದ್ರಗ್ರಹಣ ಅಂದ್ರೆ ರಾತ್ರಿ ಕಣೇ, ಹೋದ ವರ್ಷ ಹನ್ನೊಂದಕ್ಕೆ ಇರಲಿಲ್ವಾ?" ಎಂದು ಪರಶುರಾಮ ಟಿವಿಯನ್ನೂ ಹೆಂಡತಿಯನ್ನೂ ಒಟ್ಟಿಗೆ ಬೈದು ಸ್ಟುಡಿಯೋಗೆ ಬಂದ.

ಬೆಳಗಾದರೆ ಹೋಳಿ. ಅಂಗಡಿಗಳ ಮುಂದೆ ಬಣ್ಣದ ಪುಡಿಯ ಗುಡ್ಡೆಗಳಿದ್ದರೂ ಕೊಳ್ಳುವವರು ಇರಲಿಲ್ಲ. ದೇವಸ್ಥಾನಗಳು ಬಾಗಿಲು ಹಾಕಿದ್ದವು. ನಾಲ್ಕು ಗಂಟೆಗೆ ಯಾರೋ ಜೆರಾಕ್ಸ್‌ಗೆ ಬಂದರು. ಶನಿವಾರದಿಂದ ಮುಟ್ಟದ ಯಂತ್ರದ ಮುಚ್ಚಳ ಎತ್ತಿದರೆ ಗಾಜಿನ ಮೇಲೆ ಒಂದು ಕಾಗದ ಮಲಗಿತ್ತು. ಅಸಲು ಕಾಗದವನ್ನು ಯಂತ್ರದಲ್ಲೇ ಬಿಟ್ಟು ನಕಲನ್ನು ಜೋಪಾನ ಮಾಡಿಕೊಂಡು ಹೋಗುವ ಜನ! ಬೈಯಲು ಬಾಯಿ ತೆರೆದವನು ಹೆಸರು ನೋಡಿ ನಿಂತ.

ವಿಮಲಮ್ಮ, ಗಂಡ ಭೈರಪ್ಪ, ನ್ಯೂ ಟೌನ್, ಭದ್ರಾವತಿ. ಕಣ್ಣಿನ ಡಾಕ್ಟರ ಸರ್ಟಿಫಿಕೇಟು, ಅಂಗವಿಕಲರ ಗುರುತಿನ ಚೀಟಿಗೆ. ಎಡಗಣ್ಣಿಗೆ ದೃಷ್ಟಿ ಇಲ್ಲ. ಬಲಗಣ್ಣಿಗೂ ಗ್ಲಾಕೋಮಾ, ಉಳಿದಿರುವುದು ಕಾಲು ಭಾಗಕ್ಕಿಂತ ಕಡಿಮೆ, ಅದೂ ಇಳಿಯುತ್ತಿದೆ. ಕೆಳಗೆ ಸೀಲು, ಸಹಿ, ಮನೆಯವರ ಫೋನ್ ನಂಬರು.

ಜೆರಾಕ್ಸಿನವರನ್ನು ಕಳಿಸಿ ಪರಶುರಾಮ ಕಂಪ್ಯೂಟರಿನಲ್ಲಿ ಶನಿವಾರದ ಫೋಟೋ ತೆರೆದ. ವಿಮಲಮ್ಮ ಎರಡೂ ಕಣ್ಣಿಂದ ಅವನನ್ನೇ ನೆಟ್ಟಗೆ ನೋಡುತ್ತಿದ್ದರು. ಒಂದು ಕಣ್ಣು ಅವರದು, ಇನ್ನೊಂದು ಅವನು ಕೂರಿಸಿದ್ದು.

ಅವನು ಫೋನ್ ಮಾಡಿದ.

"ಯಾರದು?" ಗಂಡಸಿನ ಗಡಸು ದನಿ.

"ಶಿವಮೊಗ್ಗ, ಕೋಟೆ ರಸ್ತೆ, ರೇಣುಕಾ ಸ್ಟುಡಿಯೋ. ವಿಮಲಮ್ಮ ಅವರ ಒಂದು ಕಾಗದ ನಮ್ಮಲ್ಲೇ..."

"ಓಹೋ! ಫ್ಲಾಶ್ ಮಾಸ್ತರು! ನಾನು ಭೈರಪ್ಪ, ಅವಳ ಗಂಡ. ಮಾರಾಯ್ರೆ, ಮೂರು ದಿನದಿಂದ ನಮ್ಮನೇಲಿ ಗುಡುಗಿಲ್ಲದ ಮಿಂಚು. ಗೋಡೆಗೆ ಪಳ್, ಕಿಟಕಿಗೆ ಪಳ್, ಮಲಗಿದ್ರೆ ನನ್ನ ಬೋಳು ಮಂಡೆಗೆ ಪಳ್! ಮೂವತ್ತೈದು ವರ್ಷ ಫರ್ನೇಸ್ ಮುಂದೆ ನಿಂತೋನು ನಾನು, ನನಗೇ ಕಣ್ಣು ಕತ್ತಲೆ ಬಂತು. ಎಂಥಾ ಪಾಠ ಮಾರಾಯ್ರೆ ಅದು?"

ಪರಶುರಾಮ ಕಾಗದ ಮಡಚಿ ಜೇಬಿಗಿಟ್ಟ. "ನಾನೇ ಬರ್ತೀನಿ ಯಜಮಾನ್ರೆ. ಕಾಗದನೂ ಕೊಡ್ತೀನಿ, ಗ್ರಹಣ ತೆಗೆಯೋಕೂ ಸ್ವಲ್ಪ ಹೇಳ್ಕೊಡ್ತೀನಿ. ಅಂಗಡಿ ಮುಚ್ಚಿ ಎಂಟಕ್ಕೆಲ್ಲ ಅಲ್ಲಿರ್ತೀನಿ."

"ಎಂಟಕ್ಕಾ? ಎಂಟಕ್ಕೆ ಬಂದು ಏನು ತೆಗೀತೀರಿ, ನನ್ನ ಬೋಳು ಮಂಡೇನಾ? ಆರೂ ನಲವತ್ತೇಳಕ್ಕೆ ಮೋಕ್ಷ. ಗ್ರಸ್ತೋದಯ ಮಾರಾಯ್ರೆ, ಗ್ರಸ್ತೋದಯ! ಪಂಚಾಂಗದ ಮುಖ ನೋಡಿದೀರಾ ಯಾವತ್ತಾದ್ರೂ?" ಭೈರಪ್ಪ ಫೋನು ದೂರ ಹಿಡಿದು ಒಳಗೆ ಕೂಗಿದ್ದು ಕೇಳಿಸಿತು: "ಏ ವಿಮಲಾ, ನಿನ್ನ ಮಾಸ್ತರಿಗೆ ಚಂದ್ರ ಎಷ್ಟು ಹೊತ್ತಿಗೆ ಹುಟ್ತಾನೆ ಅಂತಾನೂ ಗೊತ್ತಿಲ್ವಂತೆ ಕಣೇ!"

ಫೋನು ವಿಮಲಮ್ಮನ ಕೈಗೆ ಹೋಯಿತು. "ಅವರ ಮಾತು ಹಾಗೇ, ಬೇಜಾರು ಮಾಡ್ಕೋಬೇಡಿ. ಗ್ರಸ್ತೋದಯ ಅಂದ್ರೆ ಹುಟ್ಟೋವಾಗಲೇ ಗ್ರಹಣ ಹಿಡಿದಿರೋದು. ಮಧ್ಯಾಹ್ನ ಹಿಡಿದದ್ದು ನಮಗೆ ಕಾಣಲ್ಲ, ಚಂದ್ರ ಇನ್ನೂ ಭೂಮಿ ಕೆಳಗಿರ್ತಾನೆ. ಆರೂ ಮೂವತ್ತಾರರ ಹೊತ್ತಿಗೆ ಮೇಲೆ ಬರ್ತಾನೆ, ಅಷ್ಟರಲ್ಲಿ ನೆರಳು ಒಂದು ಚೂರು ಮಾತ್ರ ಉಳಿದಿರುತ್ತೆ. ಹತ್ತು ನಿಮಿಷ. ನೀವು ಕೆಲಸ ಬಿಟ್ಟು ಬರೋದೆಲ್ಲ ಬೇಡ, ಕಾಗದ ಪೋಸ್ಟಿಗೆ ಹಾಕಿ ಸಾಕು."

ಮತ್ತೆ ಭೈರಪ್ಪನ ದನಿ. ಈ ಸಲ ಅದು ಬಾಗಿಲ ಹೊರಗೆ ಹೋಗಿ, ತಗ್ಗಿ ಬಂತು.

"ಕೇಳಿ ಇಲ್ಲಿ. ಚಿಕ್ಕವಳಿದ್ದಾಗ ಗ್ರಹಣ ಅಂದ್ರೆ ಕಿಟಕಿಗೆ ಕಂಬಳಿ ಕಟ್ಟಿ ಒಳಗೆ ಕೂರಿಸೋರಂತೆ. ಮದುವೆ ಆದ್ಮೇಲೆ ನಮ್ಮಮ್ಮನೂ ಅದೇ ಮಾಡಿದ್ರು. ಮೂವತ್ತು ವರ್ಷ ಬೋರ್ಡಿನ ಮೇಲೆ ಭೂಮಿ ನೆರಳು ಬರೆದು ಮಕ್ಕಳಿಗೆ ತೋರಿಸಿದ್ಲು, ತಾನು ಒಂದನ್ನೂ ನೋಡಿಲ್ಲ. ನಮ್ಮಮ್ಮ ಹೋದ್ಮೇಲೆ ನೋಡೋಣ ಅಂದ್ಕೊಂಡ್ಲು, ಆಮೇಲೆ ಕಣ್ಣು ಹೋಯ್ತು. ಹೋದ ಸೆಪ್ಟೆಂಬರಿಂದು ಮೋಡದಲ್ಲಿ ಮುಳುಗ್ತು. ಮುಂದಿಂದು ಎರಡು ವರ್ಷ ಮೇಲೆ. ಅಷ್ಟೊತ್ತಿಗೆ ಅವಳಿಗೆ... ಆಕಾಶದ್ದು ಅವಳಿಗೆ ಈಗಲೂ ಬರೀ ಮಸುಕು. ಕ್ಯಾಮೆರಾದಲ್ಲಿ ಬಂದ್ರೆ ಮೂಗಿನ ತುದಿಗೆ ಹಿಡಿದು ನೋಡ್ತಾಳೆ. ಅದಕ್ಕೆ ಇಷ್ಟೆಲ್ಲ ಕುಣಿತ. ಬರೋ ಹಾಗಿದ್ರೆ ಈಗ ಹೊರಡಿ, ಇಲ್ದಿದ್ರೆ ಫೋನಿಡಿ."

ಪರಶುರಾಮ ಕ್ಯಾಮೆರಾ ಚೀಲ ಹೆಗಲಿಗೇರಿಸಿ ಷಟರ್ ಎಳೆದ. ಗುರು ಪಕ್ಕದಿಂದ ಇಣುಕಿದ. "ಏನಣ್ಣ, ಚಂದ್ರನಿಗೆ ಫ್ಲಾಶ್ ಹೊಡೆಯೋಕೆ ಹೊರಟ್ರಾ?"

"ಬಾಯಿ ಮುಚ್ಚೋ," ಎಂದ ಪರಶುರಾಮ. ಗುರು ಇಂಗು ತಿಂದ ಮಂಗನಂತೆ ನೋಡುತ್ತ ನಿಂತ.

ಭದ್ರಾವತಿಗೆ ಮುಕ್ಕಾಲು ಗಂಟೆಯ ದಾರಿ. ಗ್ರಹಣವೆಂದು ಜನವಿಲ್ಲ, ಜನವಿಲ್ಲವೆಂದು ಬಸ್ಸು ಹೊರಡಲಿಲ್ಲ. ಡ್ರೈವರು ಇಳಿದು ಹೋಗಿ ಮರದಡಿ ನಿಂತ. ಐದಾಯಿತು. ಐದೂ ಕಾಲಾಯಿತು. ಗ್ರಹಣಕ್ಕೆ ಹೆದರಿ ಮನೆಯಲ್ಲಿ ಕೂತ ಶಿವಮೊಗ್ಗದ ಸಮಸ್ತರನ್ನೂ ಪರಶುರಾಮ ಮನಸ್ಸಿನಲ್ಲೇ ಬೈದ. ಬೈಗುಳ ಮುಗಿದ ಮೇಲೆ ಅವನಿಗೆ ಮಾಡಲು ಬೇರೆ ಏನೂ ಉಳಿಯಲಿಲ್ಲ. ಚೀಲ ತೆರೆದು ನೋಡಿದ. ಅಲ್ಲಿದ್ದದ್ದು ಮದುವೆ ಮಂಟಪಕ್ಕೆ ಸಾಕಾಗುವ ಗಿಡ್ಡ ಲೆನ್ಸು. ಅದರಲ್ಲಿ ಚಂದ್ರನನ್ನು ಹಿಡಿದರೆ ಸಾಸಿವೆ ಕಾಳು. ಲಕ್ಷ ರೂಪಾಯಿಯ ಲೆನ್ಸು ಅವನ ಬಳಿ ಯಾವತ್ತೂ ಇರಲಿಲ್ಲ. ವಿಮಲಮ್ಮನ ಆ ಆಟದ ಸಾಮಾನಿನ ಜೂಮು ತನ್ನದಕ್ಕಿಂತ ಎಷ್ಟೋ ಉದ್ದ ಎಂದು ಅವನಿಗೆ ಶನಿವಾರವೇ ಗೊತ್ತಿತ್ತು.

ಐದೂ ಇಪ್ಪತ್ತೈದಕ್ಕೆ ಬಸ್ಸು ಹೊರಟಿತು. ಅವನು ಗಳಿಗೆಗೊಮ್ಮೆ ಗಡಿಯಾರ ನೋಡುವುದನ್ನು ಕಂಡ ಕಂಡಕ್ಟರು ಏನೂ ಕೇಳದೆ, ನ್ಯೂ ಟೌನಿಗೆ ಹತ್ತಿರದ ತಿರುವಿನಲ್ಲಿ ನಿಲ್ದಾಣವಿಲ್ಲದ ಕಡೆಯೇ ಸೀಟಿ ಊದಿ ಇಳಿಸಿದ.

ಗೇಟಿನ ಬಳಿ ಭೈರಪ್ಪ ಕಾಯುತ್ತಿದ್ದ. ಎಪ್ಪತ್ತೈದರ ಗಟ್ಟಿ ಆಳು, ತಲೆಗೆ ಟವೆಲ್. "ಬಂದ್ರಾ? ಆರೂ ಇಪ್ಪತ್ತು. ಬನ್ನಿ, ಬನ್ನಿ, ಕಾಗದ ಆಮೇಲೆ. ನಮ್ಮ ತಾರಸಿಯಿಂದ ಕಾಣಲ್ಲ. ಪೂರ್ವಕ್ಕೆ ನೋಡಿ, ಪಕ್ಕದ ಮನೆ ಮಹಾನುಭಾವ ಮೂರನೇ ಮಾಳಿಗೆ ಎತ್ತಿದಾನೆ. ಸ್ವಂತ ತಲೇಲಿ ಏನೂ ಇಲ್ದೋರು ತಲೆ ಮೇಲೆ ಮಾಳಿಗೆ ಕಟ್ತಾರೆ."

ಹಿಂದಿನ ಬೀದಿ ದಾಟಿದರೆ ಕಬ್ಬಿಣದ ಕಾರ್ಖಾನೆಯ ಹಳೆಯ ಕ್ವಾರ್ಟರ್ಸು. ಎಷ್ಟೋ ಮನೆಗಳು ಖಾಲಿ, ಅದರಾಚೆ ಬಯಲು. ಮುರುಕು ಕಾಂಪೌಂಡಿನ ಪಕ್ಕ ವಿಮಲಮ್ಮ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದರು. ಮೋಟು ಗೋಡೆಯ ಮೇಲೆ ಬಟ್ಟೆಯ ಚೀಲದಲ್ಲಿ ಅಕ್ಕಿ, ಅಕ್ಕಿಯ ಮೇಲೆ ಕ್ಯಾಮೆರಾ.

"ಅವಳದು ಸಿಂಹ ರಾಶಿ. ಈ ಗ್ರಹಣ ಸಿಂಹಕ್ಕೇ ಅಂತೆ, ಅಕ್ಕಿ ದಾನ ಕೊಡಬೇಕಂತೆ," ಎಂದ ಭೈರಪ್ಪ. "ಕೊಡೋಕೆ ಮುಂಚೆ ಸ್ವಲ್ಪ ದುಡೀಲಿ ಅಂತ ತಂದೆ."

"ಕೈ ನಡುಗುತ್ತಲ್ಲ, ಅಕ್ಕಿ ಮೇಲಿಟ್ರೆ ಅಲುಗಾಡಲ್ಲ ಅನ್ನಿಸ್ತು," ಎಂದರು ವಿಮಲಮ್ಮ. "ಸರೀನಾ?"

ಸರಿಯಿತ್ತು. ತಿಳಿದವರು ಹಾಗೇ ಮಾಡುತ್ತಾರೆ. ಪರಶುರಾಮ ಹತ್ತಿರ ಹೋಗಿ, ಬಸ್ಸಿನುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತು ತೆಗೆದ. "ಅಮ್ಮಾ, ಆ ಫ್ಲಾಶ್ ವಿಷಯ..."

"ಆರಿಸಿದೀನಿ ನೋಡಿ." ಪರದೆಯ ಮೂಲೆಯಲ್ಲಿ ಮಿಂಚಿನ ಗುರುತಿನ ಮೇಲೆ ಗೀಟು ಬಿದ್ದಿತ್ತು. "ಇದನ್ನ ಆರಿಸೋದು ಹೇಗೆ ಅಂತ ಹುಡುಕೋಕೆ ಮೂರು ರಾತ್ರಿ ಆಯ್ತು. ಅಕ್ಷರ ಕಾಣಲ್ವಲ್ಲ. ಒಂದೊಂದೇ ಗುಂಡಿ ಒತ್ತಿ, ಪಳ್ ಅಂದ್ರೆ ಇದಲ್ಲ, ಪಳ್ ಅಂದ್ರೆ ಇದಲ್ಲ ಅಂತ."

ಪರಶುರಾಮ ಬಗ್ಗಿ ಆ ಗೀಟನ್ನು ನೋಡಿದ.

"ಅವತ್ತು ಬಸ್ಸಲ್ಲೇ ನಗು ಬಂತು ನನಗೆ," ಎಂದರು ವಿಮಲಮ್ಮ, ಆಕಾಶದಿಂದ ಮುಖ ತೆಗೆಯದೆ. "ನಮ್ಮ ಮಕ್ಕಳಿಗೂ ನಾನು ಹಿಂಗೇ ಹೇಳ್ತಿದ್ದೆ, ಸೀಮೇಸುಣ್ಣ ನೆಟ್ರೆ ಗಿಡ ಬರುತ್ತೆ ಅಂತ. ಒಬ್ಬಿಬ್ರು ನೆಟ್ಟು ನೀರೂ ಹಾಕಿದ್ರು, ಪಾಪ."

"ತಪ್ಪಾಯ್ತು ಅಮ್ಮ," ಎಂದ ಪರಶುರಾಮ. ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಅಷ್ಟರಲ್ಲಿ ಭೈರಪ್ಪ, "ಅದೇನದು ಕೆಂಪಗೆ ಮಿಟುಕ್ತಾ ಇರೋದು?" ಎಂದ.

ಬ್ಯಾಟರಿ ಗುರುತು. ಮೂರು ರಾತ್ರಿಯ ಮಿಂಚು ಶೆಲ್ಲುಗಳನ್ನು ಹೀರಿ ಹಾಕಿತ್ತು. ಪರಶುರಾಮ ನೋಡುತ್ತಿದ್ದಂತೆಯೇ ಪರದೆ ಒಮ್ಮೆ ಬೆಳಗಿ ಆರಿತು. ಮುಂದೆ ಚಾಚಿದ್ದ ಲೆನ್ಸು ಗುರ್ರೆಂದು ಒಳಗೆ ಸರಿದು ಮುಚ್ಚಿಕೊಂಡಿತು.

ಆರೂ ಮೂವತ್ತೈದು.

"ಅಂಗಡಿ ಒಂದೂ ತೆಗೆದಿಲ್ಲ," ಎಂದ ಭೈರಪ್ಪ. ಈ ಸಲ ಬೈಗುಳ ಜೊತೆಗೆ ಬರಲಿಲ್ಲ. "ಗೋಡೆ ಗಡಿಯಾರದಲ್ಲಿ ಒಂದಿದೆ, ರಿಮೋಟಲ್ಲಿ ಎರಡು. ಓಡಿ ತರ್ಲಾ?"

"ಗಡಿಯಾರದ ಶೆಲ್ಲು ಕ್ಯಾಮೆರಾಕ್ಕೆ ಸಾಲಲ್ಲ. ಲೆನ್ಸು ಹೊರಗೆ ಬರೋಕೇ ಅದು ಸತ್ತುಹೋಗುತ್ತೆ," ಎಂದವನಿಗೆ ಅದೇ ಉಸಿರಿನಲ್ಲಿ ಚೀಲದ ನೆನಪಾಯಿತು. ಮಂಡಿಯೂರಿ ಜಿಪ್ ಎಳೆದು ತನ್ನ ಮದುವೆ ಕೆಲಸದ ಫ್ಲಾಶ್ ತೆಗೆದ. ಅಂಗೈಗಿಂತ ದೊಡ್ಡದು, ಮಂಟಪವನ್ನೇ ಬೆಳಗಿಸುವಂಥದ್ದು. ಅದರ ಬಾಗಿಲು ಸರಿಸಿ ತುಂಬಿ ಚಾರ್ಜ್ ಆಗಿದ್ದ ನಾಲ್ಕು ಶೆಲ್ಲುಗಳಲ್ಲಿ ಎರಡನ್ನು ಅಂಗೈಗೆ ಸುರಿದುಕೊಂಡ.

"ಅಂತೂ ಫ್ಲಾಶ್ ಇಲ್ದೆ ಆಗಲ್ಲ ಅಂತಾಯ್ತು," ಎಂದ ಭೈರಪ್ಪ.

ಪುಟ್ಟ ಕ್ಯಾಮೆರಾ ಕಣ್ಣು ಬಿಟ್ಟಿತು. ಪೂರ್ವದಲ್ಲಿ ಬೇಸಗೆಯ ಧೂಳು ಬೂದಿಯ ಹಾಗೆ ಕವಿದಿತ್ತು. ತೆಂಗಿನ ಸಾಲಿನ ಮೇಲೆ ಏನೂ ಇಲ್ಲ. ಆರೂ ಮೂವತ್ತೆಂಟು. ನಲವತ್ತು.

"ಎಲ್ಲಿದಾನ್ರೀ ನಿಮ್ಮ ಗ್ರಸ್ತೋದಯ?" ಎಂದು ಪರಶುರಾಮ ಪಿಸುಗುಟ್ಟಿದ.

"ಬೈಬೇಡಿ ಮಾರಾಯ್ರೆ, ಅವನೂ ಬಸ್ಸಿಗೆ ಕಾದಿರ್ಬೇಕು."

ಆರೂ ನಲವತ್ತೊಂದಕ್ಕೆ ಧೂಳಿನೊಳಗೆ ಒಂದು ಕಲೆ ಎದ್ದಿತು. ಅಪ್ಪನ ಮೊದಲ ತಟ್ಟೆಯಲ್ಲಿ ಕಾಗದದ ಮೇಲೆ ಮುಖ ಏಳುವಾಗ ಮೊದಲು ಹೀಗೆಯೇ ಇರುತ್ತಿತ್ತು: ಇದೆಯೋ ಇಲ್ಲವೋ ಅನ್ನುವಷ್ಟು. ಆಮೇಲೆ ಅಂಚು ಮೂಡಿತು. ಕಿತ್ತಳೆ ಬಣ್ಣದ ಪೇಲವ ಚಂದ್ರ, ಮೇಲುಗಡೆ ಎಡಕ್ಕೆ ಯಾರೋ ಹಪ್ಪಳದ ಅಂಚು ಮುರಿದುಕೊಂಡ ಹಾಗೆ ಒಂದು ಚೂರು ಇಲ್ಲ.

"ಬಂದ ಕಣೇ," ಎಂದ ಭೈರಪ್ಪ.

"ಎಲ್ಲಿ?" ವಿಮಲಮ್ಮನ ಮುಖ ತೆಂಗಿನ ಸಾಲಿನುದ್ದಕ್ಕೂ ಹುಡುಕಿತು.

ಪರಶುರಾಮ ಅವರ ಬೆರಳು ಹಿಡಿದು ಕ್ಯಾಮೆರಾದ ಮೇಲಿಟ್ಟ. "ಅಮ್ಮಾ, ಜೂಮ್ ಇದು, ನಿಧಾನಕ್ಕೆ ತಳ್ಳಿ. ಸಾಕು, ಇಲ್ಲಿ ತಡೆಯುತ್ತಲ್ಲ, ಅಲ್ಲಿಗೆ ನಿಲ್ಲಿಸಿ. ಅದರಾಚೆ ಹೋದ್ರೆ ಬರೀ ಸುಳ್ಳು ಜೂಮು, ಮಸುಕಾಗುತ್ತೆ. ಈಗ ಬಲಗಡೆ ಈ ಗುಂಡಿ, ಕೆಳಗೆ ಎರಡು ಸಲ ಒತ್ತಿ. ಬೆಳಕು ಕಡಿಮೆ ಮಾಡ್ತಾ ಇದೀವಿ. ಇಲ್ದಿದ್ರೆ ಕ್ಯಾಮೆರಾ ಪೆದ್ದು, ಆಕಾಶ ನೋಡ್ಕೊಂಡು ಚಂದ್ರನ್ನ ಸುಣ್ಣದುಂಡೆ ಮಾಡಿಬಿಡುತ್ತೆ."

"ನೀವೇ ತೆಗೀಬಾರ್ದಾ? ಹೊತ್ತಾಗ್ತಿದೆ," ಎಂದ ಭೈರಪ್ಪ ಪರಶುರಾಮನಿಗೆ.

"ಅವರು ತೆಗೆದ್ರೆ ಅವರು ನೋಡಿದ ಹಾಗಾಯ್ತು," ಎಂದರು ವಿಮಲಮ್ಮ. "ಮುಂದೆ ಹೇಳಿ."

"ಟೈಮರ್ ಹಾಕಿದೀನಿ. ಗುಂಡಿ ಒತ್ತಿ ಕೈ ತೆಗೆದುಬಿಡಿ. ಎರಡು ಸೆಕೆಂಡ್ ಆದ್ಮೇಲೆ ಅದೇ ತೆಗೆಯುತ್ತೆ, ನಿಮ್ಮ ಕೈನಡುಕ ಅದಕ್ಕೆ ತಾಗಲ್ಲ. ಈಗ."

ಒತ್ತಿದರು. ಕೈ ಹಿಂದೆ ತೆಗೆದು ಎದೆಗೆ ಒತ್ತಿಕೊಂಡರು. ಟಿಕ್. ಚಂದ್ರ ಚೌಕಟ್ಟಿನ ಹೊರಗೆ ಅರ್ಧ ಹೋಗಿದ್ದ. ಅಕ್ಕಿಯ ಚೀಲವನ್ನು ಬಲಕ್ಕೆ ತುಸು ಜರುಗಿಸಿದರು. ಟಿಕ್. ಅಲುಗಿತು. ಆರೂ ನಲವತ್ತಮೂರು. ಪರಶುರಾಮ ಚೀಲದ ಹಿಂಬದಿ ಅಕ್ಕಿಯನ್ನು ಬೆರಳಲ್ಲಿ ಒತ್ತಿ ಮೂತಿ ಎತ್ತಿದ. ಟಿಕ್. ಬೆಳಕು ಇನ್ನೂ ಹೆಚ್ಚೇ ಇತ್ತು. "ಇನ್ನೊಂದ್ಸಲ ಕೆಳಗೆ ಒತ್ತಿ," ಎಂದ. ಆರೂ ನಲವತ್ತನಾಲ್ಕು. ಟಿಕ್.

"ಇದು," ಎಂದ ಪರಶುರಾಮ.

ಅವನು ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸಿ ಕ್ಯಾಮೆರಾವನ್ನು ಅವರ ಕೈಗಿಟ್ಟ. ವಿಮಲಮ್ಮ ಅದನ್ನು ಬಲಗಣ್ಣಿಗೆ ಹತ್ತಿರ ತಂದರು, ಇನ್ನೂ ಹತ್ತಿರ, ರೆಪ್ಪೆ ತಾಗುವಷ್ಟು. ತಲೆಯನ್ನು ಸಣ್ಣಗೆ ಅತ್ತಿತ್ತ ಆಡಿಸಿ ತಮಗೆ ಉಳಿದಿದ್ದ ನೋಟದ ಕಿಂಡಿಯೊಳಗೆ ಚಂದ್ರನನ್ನು ಹುಡುಕಿದರು. ಬಯಲಿನಾಚೆ ಯಾರದೋ ಮನೆಯ ಟಿವಿ ಅರಚುತ್ತಿತ್ತು.

"ದುಂಡಗಿದೆ," ಎಂದರು. "ನೆರಳಿನ ಅಂಚು ದುಂಡಗೇ ಇದೆ ಕಣ್ರೀ. ನಾನು ಬೋರ್ಡಲ್ಲಿ ಬರೀತಿದ್ನಲ್ಲ, ಹಾಗೇ."

"ನೀನು ಬರೆದದ್ದು ನೋಡ್ಕೊಂಡು ಮಾಡಿರ್ಬೇಕು," ಎಂದು ಭೈರಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡ. ಅವರು ಇನ್ನೂ ನೋಡುತ್ತಿದ್ದಾಗಲೇ ಮೇಲೆ ಆಕಾಶದಲ್ಲಿ ಮುರಿದ ಚೂರು ಸದ್ದಿಲ್ಲದೆ ತುಂಬಿಕೊಂಡಿತು.

ಹೊರಡುವಾಗ ಪರಶುರಾಮ ಡಾಕ್ಟರ ಕಾಗದ ಕೊಟ್ಟು, "ಆ ಪಾಸ್‌ಪೋರ್ಟ್ ಫೋಟೋ ಉಪಯೋಗಿಸಬೇಡಿ ಅಮ್ಮ. ಬೇರೆ ಮಾಡಿ ಕಳಿಸ್ತೀನಿ. ಅದು ಸರಿಯಾಗಿ ಬಂದಿಲ್ಲ," ಎಂದ. ಶೆಲ್ಲುಗಳನ್ನು ವಾಪಸ್ ಕೇಳಲಿಲ್ಲ.

"ಇವತ್ತು ಏನಾದ್ರೂ ತಿಂದಿದೀರೇನು ನೀವು?" ಎಂದರು ವಿಮಲಮ್ಮ. "ಸ್ನಾನ ಮಾಡಿ ಒಲೆ ಹಚ್ಚೋಕೆ ಮುಕ್ಕಾಲು ಗಂಟೆ. ಕೂತಿರಿ."

"ಇಲ್ಲ ಅಮ್ಮ, ಬಸ್ಸು," ಎಂದು ಹೇಳಿ ಅವನು ಓಡಿದಂತೆ ನಡೆದುಬಿಟ್ಟ. ಅವರ ಮನೆಯಲ್ಲಿ ಕೂತು ಉಣ್ಣುವ ಧೈರ್ಯ ಅವನಿಗಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿರಲಿಲ್ಲ. ಎಂಟಕ್ಕೆ ಬರಬಹುದು ಎಂದರು. ಎದುರಿನ ಹೋಟೆಲಿನವರು ಮೋಕ್ಷವಾಯಿತೆಂದು ಬಕೆಟ್‌ಗಟ್ಟಲೆ ನೀರು ಸುರಿದು ನೆಲ ತೊಳೆಯುತ್ತಿದ್ದರು. "ಒಲೆ ಇನ್ನೂ ಹಚ್ಚಿಲ್ಲ ಸಾರ್," ಎಂದ ಮಾಣಿ ಪೊರಕೆ ಆಡಿಸುತ್ತಲೇ. ಪರಶುರಾಮ ಕಲ್ಲುಬೆಂಚಿನ ಮೇಲೆ ಕೂತ. ಹೊಟ್ಟೆ ತಾಳ ಹಾಕುತ್ತಿತ್ತು. ಪೊರಕೆಯವನನ್ನೋ ಬಸ್ಸಿನವರನ್ನೋ ಬೈಯೋಣವೆಂದರೆ ಬಾಯಿಗೆ ಏನೂ ಬರಲಿಲ್ಲ. ಮೇಲೆ ಚಂದ್ರ ಏನೂ ಆಗೇ ಇಲ್ಲವೆಂಬಂತೆ ಬೆಳ್ಳಗಿದ್ದ.

ಎಂಟಕ್ಕೆ ಐದು ನಿಮಿಷವಿರುವಾಗ ಒಂದು ಹಳೆಯ ಸ್ಕೂಟರು ಬಂದು ನಿಂತಿತು. ಭೈರಪ್ಪ. ತಲೆಯ ಸುತ್ತ ಉಳಿದಿದ್ದ ನಾಲ್ಕು ಕೂದಲು ಒದ್ದೆಯಾಗಿ ಅಂಟಿಕೊಂಡಿದ್ದವು, ಅಂಗಿಯ ಗುಂಡಿ ಹೆಚ್ಚುಕಡಿಮೆಯಾಗಿತ್ತು. ಮುಂದೆ ಕಾಲ ಬಳಿ ಎರಡು ಚೀಲ. ಒಂದು ಗೋಡೆಯ ಮೇಲಿದ್ದ ದಾನದ ಅಕ್ಕಿ, ದೇವಸ್ಥಾನಕ್ಕೆ ಹೊರಟದ್ದು. ಪರಶುರಾಮನ ಕಣ್ಣು ಅದರ ಮೇಲೆ ಹೋದದ್ದನ್ನು ಭೈರಪ್ಪ ನೋಡಿದ. ನಿಮಗೆ ದಾನವಲ್ಲ ಎಂಬಂತೆ ಆ ಚೀಲವನ್ನು ಕಾಲಿನಿಂದ ಆಚೆಗೆ ಸರಿಸಿ, ಇನ್ನೊಂದನ್ನು ತೆಗೆದುಕೊಂಡು ಇಳಿದ.

ಬಸ್ಸು ಬರುವ ದಾರಿಯ ಕಡೆ ನೋಡುತ್ತ, ಬಿಸಿ ತಾಗದಿರಲೆಂದು ತನ್ನ ಟವೆಲಿನಲ್ಲಿ ಸುತ್ತಿ, ಸ್ಟೀಲಿನ ಎರಡು ಅಂತಸ್ತಿನ ಡಬ್ಬಿಯನ್ನು ಪರಶುರಾಮನ ತೊಡೆಯ ಮೇಲಿಟ್ಟ. ಮುಚ್ಚಳದ ಸಂದಿಯಿಂದ ಆಗತಾನೇ ಇಳಿಸಿದ ಅನ್ನದ, ತಿಳಿಸಾರಿನ ಹಬೆ ಬರುತ್ತಿತ್ತು.